ಹೆಸೆದ್ ಎಂದರೇನು? ಪದೇ ಪದೇ ಕೇಳುವ ಪ್ರಶ್ನೆಗಳು

ಬೈಬಲ್ ಓದುವವರು, ಚರ್ಚಿನಲ್ಲಿ ಪ್ರಸಂಗ ಕೇಳಿ ಬಂದವರು, ಯೆಹೂದಿಗಳ ಸಂಪ್ರದಾಯದ ಬಗ್ಗೆ ಕುತೂಹಲ ಇರುವವರು, ಎಲ್ಲರೂ ಈ ಹೀಬ್ರೂ ಪದದ ಬಗ್ಗೆ ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಕೆಲವಕ್ಕೆ ಎರಡು ಸಾಲು ಸಾಕು. ರೂತಳ ಕಥೆಗೆ ಮಾತ್ರ ಜಾಸ್ತಿ ಜಾಗ ಕೊಟ್ಟಿದ್ದೇನೆ. ಅದನ್ನು ಬಿಟ್ಟು ಹೆಸೆದ್ ಅರ್ಥ ಮಾಡಿಸುವುದು ಕಷ್ಟ.

ಒಂದೇ ಮಾತಿನಲ್ಲಿ ಹೇಳಿ, ಹೆಸೆದ್ ಅಂದರೆ ಏನು?

ನಿಮಗೆ ಸಂಬಂಧಪಟ್ಟವರಿಗೆ, ಅವರಿಗೆ ಬೇಕಾದ ಹೊತ್ತಿನಲ್ಲಿ, ಲೆಕ್ಕ ಇಡದೆ ಮಾಡುವ ಒಳ್ಳೆಯದು. ಅದರೊಳಗೆ ದಯೆಯೂ ಇದೆ, ಪ್ರೀತಿಯೂ ಇದೆ, ಕೈಬಿಡದೆ ಜೊತೆಗೆ ನಿಲ್ಲುವ ಗುಣವೂ ಇದೆ.

ಇನ್ನೂ ಒಂದು ಮಾತು ಸೇರಿಸುತ್ತೇನೆ. ಮಾಡದೇ ಇದ್ದಿದ್ದರೂ ಯಾರೂ ನಿಮ್ಮನ್ನು ಬೈಯುವಂತಿರಲಿಲ್ಲ, ಆದರೂ ಮಾಡಿದಿರಿ. ಬೈಬಲ್‌ನಲ್ಲಿ ಈ ಪದ ಕಣ್ಣಿಗೆ ಬೀಳುವ ಕಥೆಗಳಲ್ಲಿ ಬಹುಪಾಲು ಇಂಥವೇ. ಕೆಳಗಿನ ಉತ್ತರಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ.

ಉಚ್ಚಾರ ಹೇಗೆ? ಕೆಲವರು ಖೆಸೆದ್ ಅಂತಾರೆ, ಕೆಲವರು ಹೆಸೆದ್ ಅಂತಾರೆ.

ಮೊದಲ ಅಕ್ಷರ 'ಹೆತ್'. ಇವತ್ತು ಇಸ್ರೇಲಿನಲ್ಲಿ ಹೆಚ್ಚಿನವರು ಅದನ್ನು ಗಂಟಲು ಕೆರೆದಂತೆ, ಉರ್ದುವಿನ 'ಖಬರ್' ಪದದ ಮೊದಲ ಅಕ್ಷರದ ಹಾಗೆ ಹೇಳುತ್ತಾರೆ. ಯೆಮನ್ ದೇಶದ ಯೆಹೂದಿಗಳು ಗಂಟಲಿನ ಇನ್ನೂ ಒಳಗಿನಿಂದ, ಅರಬ್ಬಿಯ ಒತ್ತಿದ 'ಹ' ಹಾಗೆ ಹೇಳುತ್ತಾರೆ. ಎರಡಕ್ಕೂ ಸರಿಯಾದ ಅಕ್ಷರ ಕನ್ನಡದಲ್ಲಿಲ್ಲ. ಇಲ್ಲಿ ಹೆಸೆದ್ ಅಂತಲೇ ಬರೆದಿದ್ದೇನೆ. ಒತ್ತು ಮೊದಲ ಅಕ್ಷರದ ಮೇಲೆ. ಬಹುವಚನ ಹಸಾದಿಮ್.

ಕನ್ನಡ ಬೈಬಲ್‌ನಲ್ಲಿ ಇದಕ್ಕೆ ಯಾವ ಪದ ಇದೆ?

ಒಂದೇ ಪದ ಇಲ್ಲ. ಕೃಪೆ, ಪ್ರೀತಿ, ದಯೆ, ಕರುಣೆ, ಎಲ್ಲವೂ ಬರುತ್ತವೆ. ಅನುವಾದದಿಂದ ಅನುವಾದಕ್ಕೆ ಬದಲಾಗುತ್ತವೆ, ಒಂದೇ ಅನುವಾದದೊಳಗೂ ಬದಲಾಗುತ್ತವೆ. 23ನೇ ಕೀರ್ತನೆಯ ಕೊನೆಯಲ್ಲಿ "ಶುಭವೂ ಕೃಪೆಯೂ" ಹಿಂಬಾಲಿಸುತ್ತವೆ ಎಂದು ಓದಿರುತ್ತೀರಿ, ಅಲ್ವಾ? ಅಲ್ಲಿನ ಕೃಪೆ ಹೆಸೆದ್. 'ಹಿಂಬಾಲಿಸು' ಎನ್ನುವ ಕಡೆ ಹೀಬ್ರೂವಿನಲ್ಲಿರುವುದು ಮಾತ್ರ ಸ್ವಲ್ಪ ಜೋರಾದ ಕ್ರಿಯಾಪದ. ಸೈನ್ಯ ಶತ್ರುವನ್ನು ಅಟ್ಟಿಸಿಕೊಂಡು ಹೋಗುವಾಗ ಬಳಸುವುದು ಅದನ್ನೇ. ಆ ಕೀರ್ತನೆಯಲ್ಲಿ ಶತ್ರುಗಳು ಪಕ್ಕದಲ್ಲೇ ಇದ್ದಾರೆ, ಆದರೆ ಬೆನ್ನು ಹತ್ತಿ ಬರುತ್ತಿರುವುದು ಹೆಸೆದ್.

ಈ ಪರದಾಟ ಕನ್ನಡದ್ದು ಮಾತ್ರ ಅಲ್ಲ. ಹಳೆಯ ಗ್ರೀಕ್ ಅನುವಾದಕರು ಹೆಚ್ಚಿನ ಕಡೆ 'ಎಲೆಯೋಸ್' ಎಂದು ಹಾಕಿದರು. ಲ್ಯಾಟಿನ್‌ನಲ್ಲಿ ಅದು 'ಮಿಸೆರಿಕಾರ್ಡಿಯಾ' ಆಯಿತು. ಎರಡೂ ಮರುಕದ ಕಡೆಗೆ ವಾಲುತ್ತವೆ. ಪೂಜೆಯಲ್ಲಿ 'ಕೀರಿಯೇ ಎಲೆಯಿಸೋನ್' (ಕರ್ತನೇ, ಕರುಣಿಸು) ಹಾಡುವ ಕಥೋಲಿಕರು ಆ ಗ್ರೀಕ್ ಪದದ ನಂಟಿನ ಪದವನ್ನೇ ಹಾಡುತ್ತಾರೆ. ಇಂಗ್ಲಿಷಿನಲ್ಲಿ 1535ರ ಹೊತ್ತಿಗೆ ಮೈಲ್ಸ್ ಕವರ್‌ಡೇಲ್ ಪ್ರೀತಿ, ದಯೆ ಎರಡನ್ನೂ ಜೋಡಿಸಿ 'ಲವಿಂಗ್‌ಕೈಂಡ್‌ನೆಸ್' ಎಂದು ಹಾಕಿದ. ಒಂದು ಪದ ಸಾಲಲಿಲ್ಲ ಅಂತಲೇ ಅದರ ಅರ್ಥ.

ಹಾಗಾದರೆ ಇದು ಮರುಕವೇ ಅಲ್ಲವಾ?

ಮರುಕಕ್ಕೆ ಹೀಬ್ರೂವಿನಲ್ಲಿ ಬೇರೆ ಪದ ಇದೆ: ರಹಮಿಮ್. 'ರೆಹೆಮ್' ಅಂದರೆ ಗರ್ಭ, ಅದಕ್ಕೆ ಹತ್ತಿರದ ಪದ ಇದು. ಕರುಳು ಚುರ್ ಅನ್ನುವುದು ಅಂತೀವಲ್ಲ, ಅದು. ಇನ್ನೊಂದು ಪದ ಹೆನ್. ದೊಡ್ಡವರ ಕಣ್ಣಿಗೆ ನೀವು ಒಳ್ಳೆಯವರಾಗಿ ಕಂಡು ಸಿಗುವ ದಯೆ ಅದು.

ಹೆಸೆದ್ ಹೆಚ್ಚಾಗಿ 'ಮಾಡು' ಎಂಬ ಕ್ರಿಯಾಪದದ ಜೊತೆ ಬರುತ್ತದೆ. ಇಂಥವರ ಜೊತೆ ಹೆಸೆದ್ ಮಾಡು, ಇಂಥವನು ಅವರ ಜೊತೆ ಹೆಸೆದ್ ಮಾಡಿದ, ಹೀಗೆ. ಅಯ್ಯೋ ಪಾಪ ಅಂದುಕೊಂಡು ಮನೆಗೆ ಹೋದರೆ ಅದು ಹೆಸೆದ್ ಆಗುವುದಿಲ್ಲ.

ಯೋಸೇಫನ ಕಥೆ ನೋಡಿ. ಐಗುಪ್ತದ ಸೆರೆಮನೆಯಲ್ಲಿ ಫರೋಹನ ಪಾನದಾಯಕನ ಕನಸಿಗೆ ಅರ್ಥ ಹೇಳುತ್ತಾನೆ. ಆಮೇಲೆ ಕೇಳುವುದು ಒಂದೇ: ನೀನು ಬಿಡುಗಡೆಯಾದ ಮೇಲೆ ನನ್ನ ಜೊತೆ ಹೆಸೆದ್ ಮಾಡು, ಫರೋಹನ ಹತ್ತಿರ ನನ್ನ ವಿಷಯ ಎತ್ತು. ಪಾನದಾಯಕ ಕೆಟ್ಟವನೇನಲ್ಲ. ಸುಮ್ನೆ ಮರೆತುಬಿಟ್ಟ. ಯೋಸೇಫ ಇನ್ನೂ ಎರಡು ವರ್ಷ ಒಳಗೇ ಇದ್ದ.

ಹೆಸೆದ್‌ಗೆ ಒಳ್ಳೆಯ ಉದಾಹರಣೆ ಯಾವುದು?

ರೂತಳ ಪುಸ್ತಕ. ನಾಲ್ಕೇ ಅಧ್ಯಾಯ.

ಬೇತ್ಲೆಹೇಮಿನಲ್ಲಿ ಬರ ಬಂದು ನೊವೊಮಿ ಗಂಡ, ಇಬ್ಬರು ಗಂಡುಮಕ್ಕಳ ಜೊತೆ ಮೋವಾಬ್ ದೇಶಕ್ಕೆ ಹೋಗುತ್ತಾಳೆ. ಅಲ್ಲಿ ಗಂಡ ಸಾಯುತ್ತಾನೆ. ಮಕ್ಕಳು ಅಲ್ಲಿಯ ಹುಡುಗಿಯರನ್ನೇ ಮದುವೆಯಾಗಿ, ಅವರೂ ಸಾಯುತ್ತಾರೆ. ಉಳಿಯುವುದು ಮೂವರು ವಿಧವೆಯರು. ಊರಿಗೆ ವಾಪಸ್ ಹೊರಟ ನೊವೊಮಿ ಇಬ್ಬರು ಸೊಸೆಯರಿಗೂ ಹೇಳುತ್ತಾಳೆ: ನಿಮ್ಮ ನಿಮ್ಮ ತಾಯಿಯ ಮನೆಗೆ ಹೋಗಿ, ನೀವು ಸತ್ತವರಿಗೂ ನನಗೂ ಹೆಸೆದ್ ಮಾಡಿದ ಹಾಗೆ ದೇವರು ನಿಮಗೂ ಮಾಡಲಿ. ಸೊಸೆಯರ ಲೆಕ್ಕ ಅಲ್ಲಿಗೆ ಚುಕ್ತಾ ಆಯಿತು. ಹೋಗಿ ಎಂದು ಅತ್ತೆಯೇ ಹೇಳಿದ ಮೇಲೆ ಇನ್ನೇನು ಉಳಿಯಿತು? ಒರ್ಫಾ ಅತ್ತು, ಮುತ್ತಿಟ್ಟು ಹೋಗುತ್ತಾಳೆ. ಕಥೆ ಅವಳನ್ನು ಒಂದು ಮಾತೂ ಬೈಯುವುದಿಲ್ಲ. ರೂತ್ ಹೋಗುವುದಿಲ್ಲ, ಅಷ್ಟೇ.

ಜವೆಗೋದಿ ಕೊಯ್ಲಿನ ಹೊತ್ತಿಗೆ ಇಬ್ಬರೂ ಬೇತ್ಲೆಹೇಮಿಗೆ ಬರುತ್ತಾರೆ. ಕೊಯ್ಲಿನವರ ಹಿಂದೆ ಹೊಲದಲ್ಲಿ ಬಿದ್ದ ತೆನೆಗಳನ್ನು ಬಡವರು, ಪರದೇಶಿಗಳು ಆಯ್ದುಕೊಳ್ಳಬಹುದು, ಹೊಲದ ಮೂಲೆಯನ್ನು ಕೊಯ್ಯದೆ ಬಿಡಬೇಕು. ಇದು ಮೋಶೆಯ ಕಾನೂನು. ಹಾಗಾಗಿ ರೂತಳಿಗೆ ಹಕ್ಕಲು ಆಯಲು ಬಿಟ್ಟದ್ದರಲ್ಲಿ ಹೊಲದ ಯಜಮಾನ ಬೋವಜನ ದೊಡ್ಡತನ ಏನೂ ಇಲ್ಲ. ಅವನು ಆಮೇಲೆ ಮಾಡುವುದನ್ನು ನೋಡಿ. ಊಟದ ಹೊತ್ತಿಗೆ ಅವಳನ್ನು ಕೊಯ್ಯುವವರ ಜೊತೆ ಕೂರಿಸಿ, ಹುರಿದ ಕಾಳನ್ನು ತಾನೇ ಬಡಿಸುತ್ತಾನೆ. ಅವಳು ಹೊಟ್ಟೆ ತುಂಬ ತಿಂದು ಮಿಕ್ಕಿದ್ದನ್ನು ಎತ್ತಿಟ್ಟುಕೊಳ್ಳುತ್ತಾಳೆ. ಅವಳು ಎದ್ದು ಹೋದ ಮೇಲೆ ಆಳುಗಳಿಗೆ ಹೇಳುತ್ತಾನೆ: ಸಿವುಡುಗಳ ನಡುವೆಯೇ ಆಯಲಿ, ಗದರಿಸಬೇಡಿ. ಬೇಕೆಂದೇ ಸಿವುಡಿನಿಂದ ಒಂದಿಷ್ಟು ತೆನೆ ಎಳೆದು ಬಿಟ್ಟುಬಿಡಿ. ಅವಳು ಆಯುತ್ತಿದ್ದಾಳೆ, ಬೇಡುತ್ತಿಲ್ಲ. ಅದು ಹಾಗೇ ಉಳಿಯುವಂತೆ ಅವನು ನೋಡಿಕೊಳ್ಳುತ್ತಾನೆ. ಸಂಜೆ ಬಡಿದು ಅಳೆದಾಗ ಒಂದು ಏಫಾ, ಅಂದರೆ ಸುಮಾರು 22 ಲೀಟರ್ ಜವೆಗೋದಿ. ಹಕ್ಕಲು ಆಯ್ದವಳಿಗೆ ಒಂದು ದಿನಕ್ಕೆ ಅಷ್ಟು ಸಿಗುವ ಮಾತೇ ಇಲ್ಲ. ಮನೆಗೆ ಹೋಗಿ ಎತ್ತಿಟ್ಟಿದ್ದ ಹುರಿಗಾಳನ್ನೂ ತೆಗೆದು ಅತ್ತೆಗೆ ಕೊಡುತ್ತಾಳೆ. ಎಲ್ಲಿ ಆಯ್ದೆ ಎಂದು ಕೇಳಿ ತಿಳಿದ ಮೇಲೆ ನೊವೊಮಿಯ ಬಾಯಿಂದ ಹೆಸೆದ್ ಎಂಬ ಪದ ಎರಡನೇ ಸಲ ಬರುತ್ತದೆ.

ಮೂರನೇ ಸಲ ಅದನ್ನು ಹೇಳುವವನು ಬೋವಜ, ರಾತ್ರಿ ಕಣದಲ್ಲಿ. ರೂತ್ ಅವನ ಕಾಲ ಬಳಿ ಬಂದು, ನೀನು ನಮ್ಮ ಹತ್ತಿರದ ನೆಂಟ, ನನ್ನನ್ನು ಮದುವೆಯಾಗು ಎನ್ನುವ ಅರ್ಥದ ಮಾತಾಡುತ್ತಾಳೆ. ನಿನ್ನ ಮೊದಲಿನ ಹೆಸೆದ್‌ಗಿಂತ ಇದು ದೊಡ್ಡದು ಎನ್ನುತ್ತಾನೆ ಅವನು. ಹರೆಯದ ಹುಡುಗರ ಹಿಂದೆ ಹೋಗದೆ, ಅತ್ತೆಯ ಮನೆತನ ಉಳಿಯುವ ದಾರಿ ಹಿಡಿದಳಲ್ಲ, ಅದಕ್ಕೆ.

ನನಗೆ ಇಷ್ಟವಾದ ಪಾತ್ರ ಕೊನೆಯಲ್ಲಿ ಬರುತ್ತದೆ. ಬೋವಜನಿಗಿಂತ ಹತ್ತಿರದ ನೆಂಟ ಒಬ್ಬನಿದ್ದಾನೆ. ನೊವೊಮಿಯ ಗಂಡನ ಹೊಲ ಬಿಡಿಸಿಕೊಳ್ಳಲು ಮೊದಲು ಹೂಂ ಅನ್ನುತ್ತಾನೆ. ಹೊಲದ ಜೊತೆ ರೂತಳನ್ನೂ ಕೈಹಿಡಿಯಬೇಕು ಎಂದ ಕೂಡಲೇ, ನನ್ನ ಆಸ್ತಿಗೆ ನಷ್ಟ ಆಗುತ್ತದೆ, ಆಗಲ್ಲ ಅನ್ನುತ್ತಾನೆ. ಕಾನೂನಿನ ಪ್ರಕಾರ ತಪ್ಪೇನಿಲ್ಲ. ಆದರೆ ಕಥೆ ಅವನ ಹೆಸರನ್ನೇ ಹೇಳುವುದಿಲ್ಲ. ಹೀಬ್ರೂವಿನಲ್ಲಿ ಅವನು 'ಪ್ಲೋನಿ ಅಲ್ಮೋನಿ', ಅಂದರೆ ಯಾರೋ ಒಬ್ಬ.

ಈ ಪುಸ್ತಕದಲ್ಲಿ ಶುದ್ಧ ಅಶುದ್ಧದ ನಿಯಮ ಇಲ್ಲ, ಮಾಡು ಬೇಡ ಎಂಬ ವಿಧಿ ಇಲ್ಲ, ಮತ್ತೆ ಯಾಕೆ ಬರೆದರು ಎಂದು ರಬ್ಬಿ (ಯೆಹೂದಿ ಧರ್ಮಗುರು) ಜೆಯಿರಾ ಕೇಳಿದ್ದಾರೆ. ಹೆಸೆದ್ ಮಾಡುವವರಿಗೆ ಎಂಥ ಒಳ್ಳೆಯ ಫಲ ಸಿಗುತ್ತದೆ ಎಂದು ಕಲಿಸಲು ಎಂದು ಅವರೇ ಉತ್ತರ ಹೇಳುತ್ತಾರೆ. ಯೆಹೂದಿಗಳು ಶಾವುವೋತ್ ಹಬ್ಬದಲ್ಲಿ ಇದನ್ನು ಓದುತ್ತಾರೆ.

ಹೆಸೆದ್ ಕರ್ತವ್ಯವಾ, ಅಥವಾ ಮನಸ್ಸಿಗೆ ಬಂದರೆ ಮಾಡುವುದಾ?

ವಿದ್ವಾಂಸರು ಜಗಳವಾಡುವ ಜಾಗ ಇದು. 1927ರಲ್ಲಿ ನೆಲ್ಸನ್ ಗ್ಲೂಕ್ ಇದು ಒಡಂಬಡಿಕೆಯ ಪದ ಎಂದು ವಾದಿಸಿದರು. ನೆಂಟರು, ಗೆಳೆಯರು, ರಾಜ ಪ್ರಜೆ, ಅತಿಥಿ ಯಜಮಾನ, ಇವರ ನಡುವೆ ಪರಸ್ಪರ ಸಲ್ಲಬೇಕಾದದ್ದು ಹೆಸೆದ್ ಎಂದರು. 1970ರ ದಶಕದಲ್ಲಿ ಕ್ಯಾಥರೀನ್ ಡೂಬ್ ಸೇಕನ್‌ಫೆಲ್ಡ್ ಬೇರೆ ಕಡೆ ಬೆರಳು ತೋರಿಸಿದರು. ಕಥೆಗಳಲ್ಲಿ ಹೆಸೆದ್ ಮಾಡುವವನ ಕೈ ಮೇಲಿರುತ್ತದೆ, ಕೇಳುವವನಿಗೆ ಬೇರೆ ದಾರಿ ಇರುವುದಿಲ್ಲ. ಮಾಡದೆ ಬಿಟ್ಟರೆ ಹಿಡಿದು ಕೇಳುವ ಕೋರ್ಟು ಇಲ್ಲ.

ನನಗೆ ಎರಡನೆಯದೇ ಹೆಚ್ಚು ಸರಿ ಕಾಣುತ್ತದೆ. ಸಂಬಂಧ ಇರುವುದು ನಿಜ, ಆದರೆ ಬಲವಂತ ಇಲ್ಲ. ಪಾನದಾಯಕನನ್ನು ಯಾರು ಹಿಡಿದು ಕೇಳಿದರು?

ದಾವೀದ ಮೆಫೀಬೋಶೆತನಿಗೆ ಮಾಡಿದ್ದು ಹೆಸೆದ್ ತಾನೆ?

ಹೌದು, ಎರಡನೇ ಸಮುವೇಲನ 9ನೇ ಅಧ್ಯಾಯದಲ್ಲಿ ಈ ಪದ ಮೂರು ಸಲ ಬರುತ್ತದೆ. ಹಿಂದಿನ ರಾಜ ಸೌಲನ ಮಗ ಯೋನಾತಾನ ದಾವೀದನ ಜೀವದ ಗೆಳೆಯ. ನನ್ನ ಮನೆತನಕ್ಕೆ ಹೆಸೆದ್ ಮಾಡುವುದನ್ನು ಯಾವತ್ತೂ ನಿಲ್ಲಿಸಬೇಡ ಎಂದು ಮಾತು ತೆಗೆದುಕೊಂಡಿದ್ದ. ಯೋನಾತಾನ ಯುದ್ಧದಲ್ಲಿ ಸತ್ತ. ಆ ಸುದ್ದಿ ಬಂದಾಗ ಅವನ ಮಗ ಮೆಫೀಬೋಶೆತನಿಗೆ ಐದು ವರ್ಷ. ದಾದಿ ಎತ್ತಿಕೊಂಡು ಓಡುವಾಗ ಮಗು ಬಿದ್ದು ಎರಡೂ ಕಾಲು ಕುಂಟಾದವು. ರಾಜನಾದ ಮೇಲೆ ದಾವೀದ ತಾನೇ ಹುಡುಕಿಸಿ ಅವನನ್ನು ಕರೆಸುತ್ತಾನೆ. ಅವನು ಹೆದರಿಕೊಂಡು ಬಂದು, ನಾನೊಂದು ಸತ್ತ ನಾಯಿ ಎಂದು ಅಡ್ಡಬೀಳುತ್ತಾನೆ. ಹಳೆಯ ರಾಜನ ಮೊಮ್ಮಗನನ್ನು ಹೊಸ ರಾಜ ಕರೆಸುವುದು ಸಾಮಾನ್ಯವಾಗಿ ತಲೆ ತೆಗೆಯುವುದಕ್ಕೇ. ದಾವೀದ ಸೌಲನ ಹೊಲಗಳನ್ನೆಲ್ಲ ವಾಪಸ್ ಕೊಟ್ಟು, ದಿನಾ ತನ್ನ ಪಂಕ್ತಿಯಲ್ಲೇ ಊಟಕ್ಕೆ ಕೂರಿಸುತ್ತಾನೆ.

ಸೌಲನ ವಂಶದವನು ಹೀಗೆ ಕಣ್ಣೆದುರೇ ಇದ್ದದ್ದು ರಾಜನಿಗೂ ಅನುಕೂಲವೇ ಆಗಿತ್ತು ಎಂದು ಕೆಲವರು ಹೇಳುತ್ತಾರೆ. ತೆಗೆದುಹಾಕುವ ಮಾತಲ್ಲ. ಆದರೆ ಸತ್ತ ಗೆಳೆಯ ಬಂದು ಲೆಕ್ಕ ಕೇಳುವುದಿಲ್ಲ ಎನ್ನುವುದೂ ಅಷ್ಟೇ ನಿಜ.

ಹೆಸೆದ್ ಮಾಡಿದರೆ ಒಳ್ಳೆಯದೇ ಆಗುತ್ತಾ?

ಇಲ್ಲ. ಮುಂದಿನ ಅಧ್ಯಾಯವನ್ನೇ ಓದಿ. ಅಮ್ಮೋನಿಯರ ರಾಜ ನಾಹಾಷ ಸತ್ತಾಗ, ಅವನು ತನಗೆ ಮಾಡಿದ್ದ ಹೆಸೆದ್ ನೆನೆದು ದಾವೀದ ನಾಹಾಷನ ಮಗ ಹಾನೂನನಿಗೆ ಸಮಾಧಾನ ಹೇಳಲು ಜನ ಕಳಿಸುತ್ತಾನೆ. ಇವರು ಗೂಢಚಾರರು ಎಂದು ಅಲ್ಲಿಯವರು ಹಾನೂನನ ಕಿವಿ ಊದುತ್ತಾರೆ. ಅವನು ಬಂದವರ ಗಡ್ಡ ಅರ್ಧ ಬೋಳಿಸಿ, ಬಟ್ಟೆಯನ್ನು ಸೊಂಟದ ಕೆಳಗೆ ಕತ್ತರಿಸಿ ಕಳಿಸುತ್ತಾನೆ. ಗಡ್ಡ ಬೆಳೆಯುವ ತನಕ ಯೆರಿಕೋದಲ್ಲೇ ಇರಿ ಎಂದು ದಾವೀದ ಅವರಿಗೆ ಹೇಳಿಕಳಿಸಬೇಕಾಯಿತು. ಆಮೇಲೆ ಯುದ್ಧ.

ದೇವರ ಹೆಸೆದ್ ಅಂದರೆ?

ಹೀಬ್ರೂ ಬೈಬಲ್‌ನಲ್ಲಿ ಈ ಪದ ಸುಮಾರು 250 ಸಲ ಬರುತ್ತದೆ. ಅರ್ಧದಷ್ಟು ಕೀರ್ತನೆಗಳಲ್ಲೇ ಇದೆ, ಅಲ್ಲಿ ಬಹುತೇಕ ದೇವರದ್ದೇ. ಅದಕ್ಕೆ ಅಡಿಪಾಯ ವಿಮೋಚನಕಾಂಡದ 34ನೇ ಅಧ್ಯಾಯ. ಇಸ್ರೇಲಿನ ಜನ ಬಂಗಾರದ ಕರು ಮಾಡಿ ಕುಣಿದಿದ್ದಾರೆ. ಮೋಶೆ ದೇವರ ಆಜ್ಞೆಗಳಿದ್ದ ಕಲ್ಲಿನ ಹಲಗೆ ಒಡೆದು ಹಾಕಿ, ಹೊಸದು ಕೆತ್ತಿಕೊಂಡು ಮತ್ತೆ ಬೆಟ್ಟ ಹತ್ತಿದ್ದಾನೆ. ಆಗ ದೇವರು ತನ್ನ ಪರಿಚಯ ತಾನೇ ಹೇಳಿಕೊಳ್ಳುತ್ತಾನೆ: ಕೋಪಕ್ಕೆ ನಿಧಾನ, ಹೆಸೆದ್ ಮತ್ತು ನಂಬಿಗಸ್ತಿಕೆ ತುಂಬಿದವನು, ಸಾವಿರ ತಲೆಮಾರಿಗೂ ಹೆಸೆದ್ ಉಳಿಸಿಕೊಳ್ಳುವವನು. ಮಾತು ಮುರಿದವರಿಗೆ, ಮುರಿದ ಮೇಲೆ ಹೇಳಿದ್ದು ಇದು. ಪಾಪಕ್ಕೆ ಕ್ಷಮೆ ಕೇಳುವ ಯೋಮ್ ಕಿಪ್ಪುರ್ ದಿನ ಸಿನಗಾಗ್‌ಗಳಲ್ಲಿ (ಯೆಹೂದಿಗಳ ಪ್ರಾರ್ಥನಾ ಮಂದಿರಗಳಲ್ಲಿ) ಈ ಸಾಲುಗಳನ್ನು ಮತ್ತೆ ಮತ್ತೆ ಹೇಳುವುದು ಅದಕ್ಕೇ.

136ನೇ ಕೀರ್ತನೆಯಲ್ಲಿ ರಾಜರನ್ನು ಕೊಂದದ್ದಕ್ಕೂ ಹೆಸೆದ್ ಅಂತಾರಲ್ಲ, ಅದು ಹೇಗೆ?

ಒಳ್ಳೆಯ ಪ್ರಶ್ನೆ, ಸುಲಭದ ಪ್ರಶ್ನೆ ಅಲ್ಲ. ಆ ಕೀರ್ತನೆಯಲ್ಲಿ 26 ವಚನ. ಪ್ರತಿಯೊಂದರ ಕೊನೆಗೂ 'ಕಿ ಲೆಓಲಾಮ್ ಹಸ್ದೋ', ಅವನ ಹೆಸೆದ್ ಎಂದೆಂದಿಗೂ ಇರುತ್ತದೆ. ಸೂರ್ಯ ಚಂದ್ರರನ್ನು ಮಾಡಿದ್ದಕ್ಕೂ ಅದೇ ಪಲ್ಲವಿ. ಐಗುಪ್ತದ ಚೊಚ್ಚಲು ಮಕ್ಕಳನ್ನು ಹೊಡೆದದ್ದಕ್ಕೂ, ಸೀಹೋನ್, ಓಗ್ ಎಂಬ ರಾಜರನ್ನು ಕೊಂದದ್ದಕ್ಕೂ ಅದೇ. ಐಗುಪ್ತದಿಂದ ಬಿಡುಗಡೆಯಾದ ಗುಲಾಮರ ಹಾಡು ಇದು. ಅವರ ಜಾಗದಿಂದ ನೋಡಿದರೆ ಅರ್ಥವಾಗುತ್ತದೆ. ಐಗುಪ್ತದ ತಾಯಿಯ ಜಾಗದಿಂದ ನೋಡಿದರೆ ಆಗುವುದಿಲ್ಲ. ಇದನ್ನು ನಯವಾಗಿ ಮುಚ್ಚಿಹಾಕುವ ವಿವರಣೆಗಳು ನನಗೆ ಹಿಡಿಸುವುದಿಲ್ಲ.

ಆದರೆ ಹಾಡು ಅಲ್ಲಿಗೆ ನಿಲ್ಲುವುದಿಲ್ಲ. 25ನೇ ವಚನ: ಎಲ್ಲಾ ಜೀವಿಗಳಿಗೂ ಆಹಾರ ಕೊಡುವವನು. ಈ ಕೀರ್ತನೆಗೆ 'ಮಹಾ ಹಲ್ಲೇಲ್' (ದೊಡ್ಡ ಸ್ತುತಿ) ಎಂಬ ಹೆಸರು ಯಾಕೆ ಎಂದು ತಾಲ್ಮುದ್, ಅಂದರೆ ಯೆಹೂದಿ ಗುರುಗಳ ಚರ್ಚೆಗಳ ಹಳೆಯ ಗ್ರಂಥ, ಕೇಳುತ್ತದೆ. ರಬ್ಬಿ ಯೋಹಾನಾನ್ ಉತ್ತರದಲ್ಲಿ ರಾಜರಿಲ್ಲ, ಕಡಲು ಸೀಳಿದ್ದೂ ಇಲ್ಲ. ಅಷ್ಟು ಎತ್ತರದಲ್ಲಿ ಕೂತ ದೇವರು ಒಂದೊಂದು ಜೀವಿಗೂ ಊಟ ಹಂಚುತ್ತಾನಲ್ಲ, ಅದಕ್ಕೆ ಅನ್ನುತ್ತಾರೆ.

'ಯಜ್ಞ ಬೇಡ, ಕರುಣೆ ಬೇಕು' ಎಂದು ಯೇಸು ಹೇಳಿದ್ದು ಇದೇ ಪದವಾ?

ಯೇಸು ಹೇಳಿದ್ದು ಪ್ರವಾದಿ ಹೋಶೇಯನ ಮಾತು, 6ನೇ ಅಧ್ಯಾಯ 6ನೇ ವಚನ. ಅಲ್ಲಿರುವುದು ಹೆಸೆದ್. ಮತ್ತಾಯನು ಬರೆದ ಸುವಾರ್ತೆಯಲ್ಲಿ ಇದು ಎರಡು ಸಲ ಬರುತ್ತದೆ. ಗ್ರೀಕ್ ದಾಟಿ ಬಂದದ್ದರಿಂದ ಕನ್ನಡದಲ್ಲಿ ಕರುಣೆಯಾಗಿದೆ.

ಯೆಹೂದಿಗಳಿಗೂ ಇದೇ ವಚನ ದೊಡ್ಡ ಆಸರೆಯಾಯಿತು. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯ ಸುಟ್ಟರು. ಅದರ ಅವಶೇಷ ನೋಡಿ ರಬ್ಬಿ ಯೆಹೋಶುವ, ಪಾಪ ಕಳೆಯುವ ಜಾಗವೇ ಹೋಯಿತಲ್ಲ ಎಂದು ಗೋಳಾಡಿದರು. ಗುರು ಯೋಹಾನಾನ್ ಬೆನ್ ಜಕ್ಕಾಯ್ ಹೇಳಿದರು: ಅಷ್ಟೇ ಬಲದ ಇನ್ನೊಂದು ದಾರಿ ಇದೆ, ಹೆಸೆದ್‌ನ ಕೆಲಸಗಳು. ಸಾಕ್ಷಿಗೆ ತೆಗೆದದ್ದು ಹೋಶೇಯನ ಈ ಮಾತನ್ನೇ.

ದಾನಕ್ಕೂ ಹೆಸೆದ್‌ಗೂ ಏನು ವ್ಯತ್ಯಾಸ?

ದಾನಕ್ಕೆ ಹೀಬ್ರೂವಿನಲ್ಲಿ ಚೆದಾಕಾ ಎನ್ನುತ್ತಾರೆ. ನ್ಯಾಯ ಎಂಬ ಪದದ ಬೇರಿನಿಂದ ಬಂದದ್ದು, ಕೊಡಲೇಬೇಕಾದದ್ದು. ಹೆಸೆದ್‌ನ ಕೆಲಸಗಳಿಗೆ 'ಗೆಮಿಲೂತ್ ಹಸಾದಿಮ್' ಎಂಬ ಹೆಸರಿದೆ. ತಾಲ್ಮುದ್ ಪ್ರಕಾರ ಇದು ದಾನಕ್ಕಿಂತ ಮೂರು ಥರ ಮೇಲು. ದಾನ ಹಣದಿಂದ ಮಾತ್ರ, ಇದು ಮೈಮುರಿದು ಕೂಡ ಮಾಡುವಂಥದ್ದು. ದಾನ ಬಡವರಿಗೆ, ಇದು ಬಡವರಿಗೂ ಸಾಹುಕಾರರಿಗೂ. ದಾನ ಬದುಕಿರುವವರಿಗೆ, ಇದು ಸತ್ತವರಿಗೂ. ಕಾಯಿಲೆಯವರನ್ನು ನೋಡಿಬರುವುದು, ಸಾವಿನ ಮನೆಗೆ ಹೋಗಿ ಕೂರುವುದು, ಮದುವೆ ನಡೆಸಿಕೊಡುವುದು, ಅತಿಥಿಯನ್ನು ಸ್ವಲ್ಪ ದೂರ ಕಳಿಸಿಬರುವುದು, ಎಲ್ಲವೂ ಇದರಲ್ಲೇ ಬಂತು. ಇಷ್ಟೇ ಮಾಡಬೇಕೆಂಬ ಅಳತೆ ಇಲ್ಲ ಎಂದು ತಾಲ್ಮುದ್‌ಗೆ ತಳಹದಿಯಾದ ಮಿಶ್ನಾ ಹೇಳುತ್ತದೆ.

ಸತ್ತವರಿಗೆ ಮಾಡುವ ಹೆಸೆದ್ ಅಂದರೆ ಯಾವುದು?

ಸಾಯುವ ಹೊತ್ತಿಗೆ ಯಾಕೋಬ ಮಗ ಯೋಸೇಫನನ್ನು ಕರೆದು, ನನಗೆ ಹೆಸೆದ್ ಮತ್ತು ಸತ್ಯ ಮಾಡು, ನನ್ನನ್ನು ಐಗುಪ್ತದಲ್ಲಿ ಹೂಳಬೇಡ ಎನ್ನುತ್ತಾನೆ. 11ನೇ ಶತಮಾನದ ಫ್ರಾನ್ಸಿನ ವ್ಯಾಖ್ಯಾನಕಾರ ರಾಶಿ ಇಲ್ಲಿ ಬರೆಯುತ್ತಾರೆ: ಸತ್ತವರಿಗೆ ಮಾಡುವುದೇ ನಿಜವಾದ ಹೆಸೆದ್, ಯಾಕೆಂದರೆ ತಿರುಗಿ ಏನೂ ಸಿಗುವುದಿಲ್ಲ.

ಅದಕ್ಕೆಂದೇ ಯೆಹೂದಿಗಳಲ್ಲಿ ಊರೂರಲ್ಲಿ 'ಹೆವ್ರಾ ಕದೀಶಾ' ಎಂಬ ಗುಂಪುಗಳಿವೆ. ಗಂಡಸರ ದೇಹವನ್ನು ಗಂಡಸರು, ಹೆಂಗಸರದ್ದನ್ನು ಹೆಂಗಸರು ತೊಳೆಯುತ್ತಾರೆ. ಒಂದೊಂದೇ ಭಾಗ ತೊಳೆದು, ಉಳಿದದ್ದನ್ನು ಬಟ್ಟೆಯಿಂದ ಮುಚ್ಚಿರುತ್ತಾರೆ. ಕಾಡುಹರಟೆ ಇಲ್ಲ. ಬಿಳಿ ಬಟ್ಟೆ ಉಡಿಸುತ್ತಾರೆ, ಅದಕ್ಕೆ ಜೇಬು ಇರುವುದಿಲ್ಲ. ಸಾಹುಕಾರನಿಗೂ ಬಡವನಿಗೂ ಅದೇ ಬಟ್ಟೆ. ನಮ್ಮಿಂದ ನಿಮ್ಮ ಮರ್ಯಾದೆಗೆ ಕುಂದು ಬಂದಿದ್ದರೆ ಕ್ಷಮಿಸಿ ಎಂದು ಸತ್ತವರನ್ನು ಹೆಸರು ಹಿಡಿದು ಕೇಳಿಕೊಳ್ಳುತ್ತಾರೆ.

ಇವತ್ತಿನ ದಿನಗಳಲ್ಲಿ ಹೆಸೆದ್ ಎಲ್ಲಿ ಕಾಣುತ್ತದೆ?

ಜೆರುಸಲೇಮಿನ ಬೀದಿಗಳಲ್ಲಿ 'ಗೆಮಾಹ್' ಎಂಬ ಚೀಟಿ ಅಂಟಿಸಿರುವುದು ಕಾಣುತ್ತದೆ. ಗೆಮಿಲೂತ್ ಹಸಾದಿಮ್ ಎಂಬುದರ ಮೊಟಕು ರೂಪ. ಮೊದಲು ಇದು ಬಡ್ಡಿ ಇಲ್ಲದ ಸಾಲದ ನಿಧಿ. ಈಗ ಏನು ಬೇಕಾದರೂ ಸಿಗುತ್ತದೆ: ಮದುವೆ ಬಟ್ಟೆ, ಮಡಿಚುವ ಕುರ್ಚಿ, ಮಗುವಿನ ತೊಟ್ಟಿಲು, ರಾತ್ರಿ ಹೊತ್ತು ಜ್ವರದ ಔಷಧಿ. ಬೇಕಾದಾಗ ತೆಗೆದುಕೊಂಡು ಹೋಗಿ, ಕೆಲಸ ಆದ ಮೇಲೆ ವಾಪಸ್ ಕೊಡುವುದು. ಎಷ್ಟೋ ಗೆಮಾಹ್‌ಗಳು ಒಂದು ಮನೆಯ ಒಂದು ಕೋಣೆ ಅಷ್ಟೇ. ಗಾಲಿಕುರ್ಚಿ, ಊರುಗೋಲು ಎರವಲು ಕೊಡುವ 'ಯಾದ್ ಸಾರಾ' ಕೂಡ 1976ರಲ್ಲಿ ಹೀಗೇ ಸಣ್ಣದಾಗಿ ಶುರುವಾದದ್ದು. ಅದನ್ನು ಶುರು ಮಾಡಿದ ಉರಿ ಲುಪೋಲಿಯಾನ್ಸ್ಕಿ ಆಮೇಲೆ ಜೆರುಸಲೇಮಿನ ಮೇಯರ್ ಆದರು.

ಹಸೀದಿಗಳು, ಬೇಥೆಸ್ದಾ, ಇವಕ್ಕೂ ಈ ಪದಕ್ಕೂ ನಂಟಿದೆಯಾ?

ಹಸೀದ್ ಅಂದರೆ ಹೆಸೆದ್ ಉಳ್ಳವನು. 18ನೇ ಶತಮಾನದಲ್ಲಿ ಪೂರ್ವ ಯುರೋಪಿನಲ್ಲಿ ಬಾಲ್ ಶೆಮ್ ತೋವ್ ಅವರಿಂದ ಬೆಳೆದ ಪಂಥದವರು ಈ ಹೆಸರಿನಿಂದಲೇ ಗೊತ್ತು. ಕಬ್ಬಾಲಾ ಎಂಬ ಗೂಢ ಸಂಪ್ರದಾಯದಲ್ಲಿ ಹೆಸೆದ್ ಹತ್ತು 'ಸೆಫಿರೋತ್'ಗಳಲ್ಲಿ (ದೇವರು ಪ್ರಕಟವಾಗುವ ಗುಣಗಳಲ್ಲಿ) ಒಂದು, ಅಬ್ರಹಾಮನ ಗುಣ. ಯೋಹಾನನ ಸುವಾರ್ತೆಯಲ್ಲಿ ಬರುವ ಬೇಥೆಸ್ದಾ ಕೊಳದ ಹೆಸರನ್ನು ಸಾಮಾನ್ಯವಾಗಿ ಅರಾಮಿಕ್‌ನಲ್ಲಿ 'ಹೆಸೆದ್‌ನ ಮನೆ' ಎಂದು ಬಿಡಿಸುತ್ತಾರೆ. ಆಸ್ಪತ್ರೆ, ಚರ್ಚುಗಳಿಗೆ ಆ ಹೆಸರು ಇಡುವುದು ಅದಕ್ಕೇ.

ಇನ್ನೊಂದು ತಮಾಷೆ. ಕೊಕ್ಕರೆ ಜಾತಿಯ ಒಂದು ಹಕ್ಕಿಗೆ ಹೀಬ್ರೂವಿನಲ್ಲಿ 'ಹಸಿದಾ' ಎಂದು ಹೆಸರು. ತನ್ನ ಜೊತೆಯವರಿಗೆ ಊಟ ಹಂಚಿ ಹೆಸೆದ್ ಮಾಡುತ್ತದೆ, ಅದಕ್ಕೆ ಆ ಹೆಸರು ಎಂದು ತಾಲ್ಮುದ್ ಹೇಳುತ್ತದೆ. ಮತ್ತೆ ಅದು ಬೈಬಲ್‌ನ ತಿನ್ನಬಾರದ ಹಕ್ಕಿಗಳ ಪಟ್ಟಿಯಲ್ಲಿ ಯಾಕಿದೆ? ಜೊತೆಯವರಿಗೆ ಮಾತ್ರ ಕೊಡುತ್ತದಲ್ಲ, ಅದಕ್ಕೇ ಎಂದು ಆಮೇಲಿನ ಗುರುಗಳು ಚುಚ್ಚಿದ್ದಾರೆ.

ಇದೇ ಪದ ಒಂದು ಕಡೆ 'ನಾಚಿಕೆಗೇಡು' ಎಂಬ ಅರ್ಥದಲ್ಲಿ ಇದೆಯಂತೆ?

ಇದೆ. ಯಾಜಕಕಾಂಡ 20ನೇ ಅಧ್ಯಾಯದಲ್ಲಿ ಮತ್ತು ಜ್ಞಾನೋಕ್ತಿಯಲ್ಲಿ ಒಂದು ಕಡೆ. ಉಚ್ಚಾರ ಒಂದೇ, ಬೇರು ಮಾತ್ರ ಬೇರೆ ಎನ್ನುವುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ.

ಕನ್ನಡದಲ್ಲೇ ಓದಬೇಕು. ಎಲ್ಲಿಂದ ಶುರು ಮಾಡಲಿ?

ರೂತಳ ಪುಸ್ತಕವನ್ನು ಒಂದೇ ಸಲ ಕೂತು ಓದಿ. ಆಮೇಲೆ ಎರಡನೇ ಸಮುವೇಲ 9 ಮತ್ತು 10, ಜೊತೆಗೆ ಓದಿ. ಆಮೇಲೆ ಹೋಶೇಯ 6. ಕೃಪೆ, ದಯೆ, ಪ್ರೀತಿ ಎಂದು ಬಂದ ಕಡೆ ಪೆನ್ಸಿಲ್ ಗುರುತು ಹಾಕಿ, ಅಲ್ಲಿ ಯಾರು ಯಾರಿಗೆ ಏನು ಮಾಡಿದರು ಎಂದು ನೋಡಿ. 136ನೇ ಕೀರ್ತನೆಯನ್ನು ಮಾತ್ರ ಒಬ್ಬರೇ ಓದಬೇಡಿ. ಒಬ್ಬರು ಮೊದಲ ಸಾಲು ಓದಲಿ, ಮನೆಯವರೆಲ್ಲ ಸೇರಿ ಎರಡನೆಯದನ್ನು ಹೇಳಲಿ. ಅದು ಇರುವುದೇ ಹಾಗೆ ಹೇಳುವುದಕ್ಕೆ.